ಗುದ್ದಲಿ ಪೂಜೆ 20 ನಿಮಿಷ, ಪಕ್ಷದ ಮೀಟಿಂಗ್ ಇಡೀ ದಿನ – ಡೀಸೆಲ್ ಯಾರ ದುಡ್ಡು?

ಅಡಕೆ ಅಂಗಳ (ಸಿರ್ಸಿ)
ಹೋದ ವಾರ ಅಡಕೆ ಹಾಕಿ ವಾಪಸ್ ಬರ್ತಾ ಐಬಿ (ಸರ್ಕಾರಿ ಪ್ರವಾಸಿ ಬಂಗಲೆ) ಹತ್ರ ಅರ್ಧ ಗಂಟೆ ಸಿಕ್ಕಾಕ್ಕೊಂಡೆ. ಒಬ್ರು ಮಂತ್ರಿ ಬಂದಿದ್ರು. ಹೆಸರು ಬೇಡ, ಪಕ್ಷ ಅಂತೂ ಬೇಡವೇ ಬೇಡ, ಹೋದ ಸಲ ಇನ್ನೊಂದು ಪಕ್ಷದವ್ರು ಬಂದಾಗ್ಲೂ ಇದೇ ಕತೆ ಆಗಿತ್ತು. ಸುಮ್ನೆ ನಿಂತವ ಪಕ್ಕದಲ್ಲಿದ್ದ ಪೊಲೀಸಪ್ಪನ ಹತ್ರ ಎಂತ ಕಾರ್ಯಕ್ರಮ ಅಂತ ಕೇಳ್ದೆ. ಬೆಳಿಗ್ಗೆ ಒಂದು ಮೋರಿಗೆ ಗುದ್ದಲಿ ಪೂಜೆ, ಆಮೇಲೆ ಕಲ್ಯಾಣ ಮಂಟಪದಲ್ಲಿ ಕಾರ್ಯಕರ್ತರ ಸಭೆ, ಮಧ್ಯಾಹ್ನ ಪಕ್ಷದ ಮುಖಂಡರ ಮನೇಲಿ ಊಟ, ಸಂಜೆ ಇನ್ನೊಂದು ತಾಲೂಕಲ್ಲಿ ಮತ್ತೆ ಕಾರ್ಯಕರ್ತರ ಸಭೆ. ಗುದ್ದಲಿ ಪೂಜೆ ಮುಗಿಲಿಕ್ಕೆ 20 ನಿಮಿಷ. ಉಳಿದ ಇಡೀ ದಿನ ಮುಂದಿನ ಚುನಾವಣೆ ತಯಾರಿ. ಆದ್ರೆ ಕಾರು ಸರ್ಕಾರದ್ದು, ಎಸ್ಕಾರ್ಟು ಸರ್ಕಾರದ್ದು, ಹಿಂದೆ ಓಡ್ತಾ ಇದ್ದ ಅಧಿಕಾರಿಗಳ ಜೀಪು ಸರ್ಕಾರದ್ದು, ಐಬಿ ರೂಮು ಸರ್ಕಾರದ್ದು.

ಇದು ಕಾನೂನಲ್ಲಿ ಸರಿನಾ? ಗೊತ್ತಿದ್ದವ್ರು ಹೇಳಿ. ಪಕ್ಷದ ಜಗಳ ಬೇಡ ದಯವಿಟ್ಟು.

ಬೈತಖೋಲ್ ಬೋಟು (ಕಾರವಾರ)
ಅಣ್ಣ ನೀವು ಕೇಳಿದ್ದು ಸರಿ ಉಂಟು ಆದ್ರೆ ನಮ್ಮ ಕತೆ ಕೇಳಿ ಮೊದ್ಲು. ನಮ್ಮ ಬೋಟಿಗೆ ತೆರಿಗೆ ಬಿಟ್ಟ ಡೀಸೆಲ್ ಬೇಕಾದ್ರೆ ಪಾಸ್‌ಬುಕ್ ಬೇಕು, ಎಷ್ಟು ಲೀಟರ್ ಹಾಕಿದ್ದು, ಬೋಟಿನ ಲೈಸೆನ್ಸು, ನೋಂದಣಿ, ಎಲ್ಲ ಸರಿ ಇರ್ಬೇಕು, ಒಂದು ಕಾಗದ ಕಮ್ಮಿ ಬಿದ್ರೆ ಆ ತಿಂಗಳ ಡೀಸೆಲ್ಲಿಗೆ ದೇವ್ರೇ ಗತಿ. ಜೂನ್ ಜುಲೈ ಮೀನುಗಾರಿಕೆ ಬಂದ್ ಇದ್ದಾಗ ಬೋಟು ದಕ್ಕೆಲಿ ಕಟ್ಟಿ ಹಾಕಿ ಕೂತ್ಕೊಳ್ಬೇಕು. ಒಂದು ಲೀಟರಿಗೂ ನಾವು ಲೆಕ್ಕ ಕೊಡುದು. ನಮ್ಮದೇ ತೆರಿಗೆ ದುಡ್ಡಲ್ಲಿ ಓಡುವ ಕಾರಿನ ಲೆಕ್ಕ ಕೇಳ್ಲಿಕ್ಕೆ ನಾವು ಹೆದರುದು. ನಗು ಬರ್ತದೆ.

ಘಟ್ಟದ ಮೇಲೆ
ಮಂತ್ರಿ ಅಂದ್ರೆ 24 ಗಂಟೆ ಮಂತ್ರಿ ಮಾರಾಯ್ರೆ. ಕಾರ್ಯಕರ್ತರ ಸಭೇಲಿ ಕೂತಾಗ್ಲೂ ಫೈಲ್ ಬಂದ್ರೆ ಸಹಿ ಹಾಕ್ಬೇಕು, ಜನ ಅರ್ಜಿ ಕೊಟ್ರೆ ತಗೋಬೇಕು. ಅದಕ್ಕೆ ಬೇರೆ ಕಾರು ಇದಕ್ಕೆ ಬೇರೆ ಕಾರು ಅಂದ್ರೆ ಆಗೋದಾ? ಅವ್ರು ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಬರ್ಬೇಕಾ? ಸಣ್ಣ ವಿಷ್ಯ ದೊಡ್ಡದು ಮಾಡ್ಬೇಡಿ.

ಕೋರ್ಟು ಕಾಂಪೌಂಡು
ಅಡಕೆ ಅಂಗಳದವ್ರೆ, ನೀವು ಕೇಳಿದ್ದಕ್ಕೆ ಉತ್ರ ಎರಡು ತರ ಇದೆ, ಕೋಡ್ (ಚುನಾವಣಾ ನೀತಿ ಸಂಹಿತೆ) ಬಂದ ಮೇಲೆ ಒಂದು, ಕೋಡ್ ಬರೋಕೆ ಮುಂಚೆ ಇನ್ನೊಂದು.

ಕೋಡ್ ಬಂದ ಮೇಲೆ ಅಂದ್ರೆ ಚುನಾವಣಾ ಆಯೋಗ ದಿನಾಂಕ ಘೋಷಿಸಿದ ಕ್ಷಣದಿಂದ. ವಿಧಾನಸಭೆಗೆ 2023 ಮಾರ್ಚ್ 29, ಲೋಕಸಭೆಗೆ 2024 ಮಾರ್ಚ್ 16. ಅಲ್ಲಿಂದ ಮಂತ್ರಿಗಳು ಸರ್ಕಾರಿ ಪ್ರವಾಸದ ಜೊತೆ ಪ್ರಚಾರ ಸೇರಿಸೋ ಹಾಗಿಲ್ಲ, ಸರ್ಕಾರಿ ವಾಹನ, ವಿಮಾನ, ಸಿಬ್ಬಂದಿ ಯಾವುದನ್ನೂ ಪಕ್ಷದ ಕೆಲಸಕ್ಕೆ ಬಳಸೋ ಹಾಗಿಲ್ಲ. ಸರ್ಕಾರಿ ಕಾರು ಮನೆಯಿಂದ ಆಫೀಸಿಗೆ ಮಾತ್ರ. ಐಬಿನ ಪಕ್ಷದ ಕಚೇರಿ ಮಾಡ್ಕೊಳ್ಳೋ ಹಾಗಿಲ್ಲ, ಮೈದಾನ ಹೆಲಿಪ್ಯಾಡು ಎಲ್ಲ ಪಕ್ಷಕ್ಕೂ ಒಂದೇ ಷರತ್ತಲ್ಲಿ ಸಿಗ್ಬೇಕು. ಈ ನೀತಿ ಸಂಹಿತೆ ಶುರುವಾಗಿದ್ದು 1960ರ ಕೇರಳ ಚುನಾವಣೇಲಿ. ಆಡಳಿತ ಪಕ್ಷಕ್ಕೆ ಅಂತ್ಲೇ ಬೇರೆ ಭಾಗ ಸೇರಿದ್ದು 1979ರಲ್ಲಿ.

ಕೋಡ್ ಬರೋಕೆ ಮುಂಚೆ? ಆ ಸಂಹಿತೆ ಅನ್ವಯಿಸೋದೇ ಇಲ್ಲ. ನೀವು ನೋಡಿದ್ದು ಆ ಕಾಲದ್ದು.

ಅಡಕೆ ಅಂಗಳ
ಅಂದ್ರೆ 5 ವರ್ಷದಲ್ಲಿ ಕೆಲವೇ ತಿಂಗಳು ಮಾತ್ರ ಬೇಲಿ, ಉಳಿದ ಕಾಲ ತೋಟಕ್ಕೆ ದನ ನುಗ್ಗಿದ್ರೂ ಕೇಳೋರಿಲ್ಲ ಹೇಳಿ ಆಯ್ತು.

ಹೊಳೆಬದಿ ಅಕ್ಕೋರು (ಹೊನ್ನಾವರ)
ನಾನು ನಿವೃತ್ತ ಶಿಕ್ಷಕಿ. ಎಷ್ಟು ಚುನಾವಣೆ ಡ್ಯೂಟಿ ಮಾಡಿದ್ದೇನೆ ಲೆಕ್ಕ ಇಟ್ಟಿಲ್ಲ. ಕೋಡ್ ಬಂತು ಅಂದ ಕೂಡ್ಲೆ ಶಾಲೆಯ ಗೋಡೆ ಮೇಲಿನ ಮುಖ್ಯಮಂತ್ರಿ ಫೋಟೋ ಇದ್ದ ಕ್ಯಾಲೆಂಡರ್ ತೆಗೆಯುದು, ಶಂಕುಸ್ಥಾಪನೆ ಕಲ್ಲಿಗೆ ಪೇಪರ್ ಅಂಟಿಸುದು, ಬಸ್ ಸ್ಟ್ಯಾಂಡ್ ಫಲಕಕ್ಕೆ ಬಟ್ಟೆ ಕಟ್ಟುದು ಎಲ್ಲ ಮಾಡ್ತಾರೆ. ಆದ್ರೆ ಅದಕ್ಕಿಂತ ಹಿಂದಿನ 15 ದಿವಸ ನೋಡ್ಬೇಕು ನೀವು! ದಿನಕ್ಕೆ ನಾಲ್ಕು ಶಂಕುಸ್ಥಾಪನೆ, ಅದೇ ಪೆಂಡಾಲು, ಅದೇ ಶಾಮಿಯಾನದವ, ಅದೇ ಹಾರ. ಒಂದು ಊರಲ್ಲಂತೂ ಕಲ್ಲಿಗೆ ಹೆಸರು ಕೆತ್ತಿ ಮುಗಿದಿರ್ಲಿಲ್ಲ, ಫ್ಲೆಕ್ಸ್ ಅಂಟಿಸಿ ಉದ್ಘಾಟನೆ ಮಾಡಿದ್ರು.

ಇನ್ನು ಫಲಾನುಭವಿಗಳ ಸಮಾವೇಶ. ಕಾರ್ಯಕ್ರಮ ಸರ್ಕಾರದ್ದು, ಭಾಷಣ ಮಾತ್ರ ಪಕ್ಷದ್ದು. ಒಂದು ದಿವಸ ನಮ್ಮ ಬದಿಗೆ ಸಂಜೆ ಬಸ್ಸೇ ಇಲ್ಲ, ಕಾಲೇಜು ಹುಡುಗಿಯರು ಕತ್ತಲೆ ಆಗುವವರೆಗೆ ಸ್ಟಾಪಲ್ಲಿ ನಿಂತಿದ್ದಾರೆ, ಕೇಳಿದ್ರೆ ಬಸ್ಸು ಸಮಾವೇಶಕ್ಕೆ ಹೋಗಿದೆ ಅಂತೆ. ಬಾಡಿಗೆ ಇಲಾಖೆ ಕಟ್ತದೆ, ಅದು ಯೋಜನೆಯ ಪ್ರಚಾರ ಅಂತ ಲೆಕ್ಕ. ಮಂತ್ರಿ ಓಡಾಡಿದ್ದು ಮಾತ್ರ ಅಲ್ಲ, ಜನರನ್ನು ಓಡಾಡಿಸಿದ್ದೂ ನಮ್ಮ ದುಡ್ಡೇ.

ಘಟ್ಟದ ಮೇಲೆ
ಅಕ್ಕೋರೆ ನಿಮ್ಮ ಮೇಲೆ ಗೌರವ ಇದೆ, ಆದ್ರೆ ಸರ್ಕಾರ ಮಾಡಿದ ಕೆಲ್ಸ ಜನಕ್ಕೆ ಹೇಳೋದೂ ತಪ್ಪಾ? ಶಿರೂರಲ್ಲಿ 2024 ಜುಲೈ 16ಕ್ಕೆ ಗುಡ್ಡ ಕುಸಿದಾಗ ಮುಖ್ಯಮಂತ್ರಿ ಬರ್ಲಿ ಮಂತ್ರಿ ಬರ್ಲಿ ಅಂತ ನಾವೇ ಕೂಗಿದ್ವಿ. ಬಂದ್ರು. ಅದಕ್ಕೂ ಡೀಸೆಲ್ ಲೆಕ್ಕ ಕೇಳ್ತೀರಾ?

ಬೈತಖೋಲ್ ಬೋಟು
ಅದು ಬೇರೆ ಇದು ಬೇರೆ. ಗಂಗಾವಳಿ ಹೊಳೆಲಿ ಜನ ಸಿಕ್ಕಿಲ್ಲ ಅಂದಾಗ ಮಂತ್ರಿ ಬರುದು ಅವರ ಕೆಲ್ಸ, ಹೆಲಿಕಾಪ್ಟರಲ್ಲೇ ಬರ್ಲಿ, ನಾವು ಒಂದು ಮಾತು ಆಡುದಿಲ್ಲ. ಕಲ್ಯಾಣ ಮಂಟಪದಲ್ಲಿ ಬೂತ್ ಕಮಿಟಿ ಮಾಡ್ಲಿಕ್ಕೆ ಬಂದದ್ದಕ್ಕೆ ಆಡುದು.

ನಿವೃತ್ತ ಚಾಲಕ (ಕುಮಟಾ)
ಎಲ್ಲರ ಮಾತು ಓದಿದೆ. ನಾನು ಒಂದು ಇಲಾಖೆಲಿ ಜೀಪು ಓಡಿಸಿದವ, ಯಾವ ಇಲಾಖೆ ಹೇಳುದಿಲ್ಲ, ಪೆನ್ಷನ್ ಮೇಲೆ ಬದುಕಿದ್ದೇನೆ. ನೀವೆಲ್ಲ ಮಂತ್ರಿ ಕಾರು ಮಂತ್ರಿ ಕಾರು ಅಂತೀರಿ. ಮಂತ್ರಿ ಕಾರು ಒಂದು. ಅದರ ಹಿಂದೆ ಎಷ್ಟು ಬರ್ತದೆ ಎಣಿಸಿದ್ದೀರಾ? ಪೊಲೀಸ್ ಎರಡು ಮೂರು ಬಿಡಿ, ಅದು ಭದ್ರತೆ. ತಾಲೂಕಿನ ಒಂದೊಂದು ಇಲಾಖೆ ಜೀಪೂ ಬರ್ತದೆ. ಯಾಕೆ? ಸಾಹೇಬ್ರು ಹೋಗದಿದ್ರೆ "ಆ ಇಲಾಖೆಯವ್ನು ಎಲ್ಲಿ" ಅಂತ ಕೇಳ್ತಾರೆ, ಆಮೇಲೆ ವರ್ಗಾವಣೆ ಭಯ.

ಈಗ ಲಾಗ್ ಬುಕ್ ವಿಷ್ಯ. ಪ್ರತಿ ಸರ್ಕಾರಿ ಗಾಡಿಗೂ ಲಾಗ್ ಬುಕ್ ಇರ್ತದೆ. ಹೊರಟ ಜಾಗ, ಹೋದ ಜಾಗ, ಹೊರಟಾಗ ಮೀಟರ್ ಎಷ್ಟು, ಬಂದಾಗ ಎಷ್ಟು, ಡೀಸೆಲ್ ಎಷ್ಟು, ಎಂತಕ್ಕೆ ಹೋದದ್ದು, ಕೊನೆಗೆ ಸಾಹೇಬ್ರ ಸಹಿ. "ಎಂತಕ್ಕೆ" ಅನ್ನುವ ಕಾಲಮ್ಮಲ್ಲಿ ನಾವು ಬರೆಯುದು "ಕಾಮಗಾರಿ ಪರಿಶೀಲನೆ". ಬೆಳಿಗ್ಗೆ ಕಾಮಗಾರಿ ಪರಿಶೀಲನೆ, ಮಧ್ಯಾಹ್ನ ಕಾಮಗಾರಿ ಪರಿಶೀಲನೆ, ರಾತ್ರಿ 9 ಗಂಟೆಗೆ ಕಲ್ಯಾಣ ಮಂಟಪದ ಹೊರಗೆ ಇಂಜಿನ್ ಬಂದ್ ಮಾಡಿ ಕೂತ್ಕೊಂಡದ್ದೂ ಕಾಮಗಾರಿ ಪರಿಶೀಲನೆ. ಒಂದು ಸಲ ನಾನು ಸುಮ್ನೆ "ಸಭೆ" ಅಂತ ಬರೆದೆ. ಸಾಹೇಬ್ರು ಪುಸ್ತಕ ವಾಪಸ್ ಕೊಟ್ಟು, ತಮ್ಮಾ ಇದು ಸರಿ ಮಾಡು, ನನಗೂ ನಿನಗೂ ತೊಂದ್ರೆ ಬೇಡ ಅಂದ್ರು. ಒಳ್ಳೆ ಮನುಷ್ಯರೇ ಅವರು. ಸರಿ ಮಾಡಿದೆ.

ಕೋಡ್ ಬಂದ ಮೇಲೆ ಮಾತ್ರ ನಿಜವಾಗ್ಲೂ ಬದಲಾಗ್ತದೆ, ಅದನ್ನು ಒಪ್ಪಬೇಕು. ಕಾರು ಹೋಗಿ ಕಂಪೌಂಡಲ್ಲಿ ನಿಲ್ತದೆ, ಮಂತ್ರಿ ಯಾರದ್ದೋ ಇನ್ನೋವಾದಲ್ಲಿ ಓಡಾಡ್ತಾರೆ, ಅಧಿಕಾರಿಗಳು ಎದುರಿಗೆ ಸಿಕ್ಕಿದ್ರೂ ನಮಸ್ಕಾರ ಹಾಕುದಿಲ್ಲ. ನಮಗೆ ಆ ಒಂದೂವರೆ ತಿಂಗಳು ಆರಾಮು.

ಅಡಕೆ ಅಂಗಳ
ಚಾಲಕರೆ, ಇದನ್ನ ಬರೆಯೋಕೆ ಧೈರ್ಯ ಬೇಕು. "ಕಾಮಗಾರಿ ಪರಿಶೀಲನೆ" ಅನ್ನೋ ಎರಡು ಶಬ್ದದ ಒಳಗೆ ಇಡೀ ಚುನಾವಣೆ ಪ್ರಚಾರ ಹೊಕ್ಕೊಂಡಿದೆ ಅಂತ ನಂಗೆ ಗೊತ್ತಿರ್ಲಿಲ್ಲ.

ಭಟ್ಕಳ್ ಟು ದುಬೈ
ಲೋಕಲ್ ಮಂತ್ರಿ ಜೀಪು ಬಿಡಿ ಭಾಯ್, ಮೇಲಿನವ್ರ ವಿಮಾನದ ಬಗ್ಗೆ ಯಾಕೆ ಯಾರೂ ಮಾತಾಡಲ್ಲ? ಪ್ರಧಾನಿ 2023 ಮೇ 3ಕ್ಕೆ ಅಂಕೋಲೆಗೆ ಬಂದ್ರು, 2024 ಏಪ್ರಿಲ್ 28ಕ್ಕೆ ಸಿರ್ಸಿಗೆ ಬಂದ್ರು. ಎರಡೂ ಕೋಡ್ ಇದ್ದಾಗಲೇ. ವಾಯುಪಡೆ ಹೆಲಿಕಾಪ್ಟರ್ರು. ಮಂತ್ರಿಗೆ ಕಾರು ಇಲ್ಲ, ಪ್ರಧಾನಿಗೆ ಹೆಲಿಕಾಪ್ಟರ್ ಉಂಟು, ಇದ್ಯಾವ ನ್ಯಾಯ?

ಘಟ್ಟದ ಮೇಲೆ
ಬಂತು ನೋಡಿ ಪಕ್ಷ! ನಾನು ಕಾಯ್ತಾ ಇದ್ದೆ. ಪ್ರಧಾನಿ ಪ್ರಾಣಕ್ಕೆ ಬೆಲೆ ಇಲ್ವಾ? 1991 ಮೇ 21ಕ್ಕೆ ಶ್ರೀಪೆರಂಬುದೂರಲ್ಲಿ ಏನಾಯ್ತು ನೆನಪಿದ್ಯಾ? ರಾಜೀವ್ ಗಾಂಧಿ ಪ್ರಚಾರಕ್ಕೆ ಹೋದಾಗಲೇ ಅಲ್ವಾ ಸತ್ತಿದ್ದು, ಆಗ ಅವ್ರಿಗೆ ಪ್ರಧಾನಿಗಳನ್ನ ಕಾಯೋ ಎಸ್‌ಪಿಜಿ ರಕ್ಷಣೆ ತೆಗೆದಿದ್ರು. ಭದ್ರತೇಲಿ ಉಳಿತಾಯ ಮಾಡೋಕೆ ಹೋಗ್ಬಾರ್ದು. ಈ ಮಾತು ನಾನು ಕಾಂಗ್ರೆಸ್ಸಿನವ್ರ ಬಗ್ಗೆ ಹೇಳ್ತಿದೀನಿ, ಗಮನಿಸಿ.

ಕೋರ್ಟು ಕಾಂಪೌಂಡು
ಇಬ್ರೂ ಸ್ವಲ್ಪ ಸರಿ ಇದ್ದೀರಿ. ಪ್ರಧಾನಿಗೆ ಸಂಹಿತೇಲೇ ವಿನಾಯಿತಿ ಇದೆ, ಈಗಿನವ್ರಿಗೆ ಮಾತ್ರ ಅಲ್ಲ, ಎಲ್ಲ ಪ್ರಧಾನಿಗಳಿಗೂ ಇತ್ತು. ನೆಹರೂ ಕಾಲದಲ್ಲೇ ಶುರುವಾದ ಪದ್ಧತಿ: ಭದ್ರತೆಗೋಸ್ಕರ ವಾಯುಪಡೆ ವಿಮಾನ ಬೇಕು, ಆದ್ರೆ ಕೆಲ್ಸ ಪಕ್ಷದ್ದು, ಹಾಗಾಗಿ ಪ್ರಯಾಣದ ದರ ಸರ್ಕಾರಕ್ಕೆ ತುಂಬಬೇಕು ಅಂತ.

ತಕರಾರು ಇರೋದು ಆ ದರದ ಮೇಲೆ. 2019ರಲ್ಲಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ ಬಂದ ಉತ್ತರ ಪೇಪರಲ್ಲಿ ಬಂದಿತ್ತು. 2014ರಿಂದ 2019 ಜನವರಿವರೆಗೆ ಪ್ರಧಾನಿಯ ಸರ್ಕಾರಿ ಕೆಲಸದ್ದಲ್ಲದ 240 ಪ್ರಯಾಣಕ್ಕೆ ಬಿಜೆಪಿ ವಾಯುಪಡೆಗೆ ಕಟ್ಟಿದ್ದು 1.4 ಕೋಟಿ. ಒಡಿಶಾದಲ್ಲಿ ಬಲಾಂಗೀರ್‌ನಿಂದ ಪತ್ಥರ್‌ಚೇರಾಕ್ಕೆ ಹೋಗಿದ್ದಕ್ಕೆ 744 ರೂಪಾಯಿ.

ಬೈತಖೋಲ್ ಬೋಟು
744??? ಅಷ್ಟಕ್ಕೆ ನಮ್ಮ ಬೋಟು ದಕ್ಕೆ ಬಿಟ್ಟು ಲೈಟ್‌ಹೌಸ್ ದಾಟುದಿಲ್ಲ ಮಾರಾಯ್ರೆ.

ಅಡಕೆ ಅಂಗಳ
ನಾನೂ ಭಾಗಿಸಿ ನೋಡ್ದೆ, ಒಂದು ಪ್ರಯಾಣಕ್ಕೆ ಸರಾಸರಿ 58 ಸಾವಿರ ಚಿಲ್ಲರೆ. ನಮ್ಮೂರಿನ ಒಂದು ದಿಬ್ಬಣಕ್ಕೆ ಬಸ್ಸು, ಕಾರು ಅಂತ ಮಾಡಿದ್ರೆ ಅದರ ಹತ್ರ ಹತ್ರ ಹೋಗ್ತು.

ಘಟ್ಟದ ಮೇಲೆ
ದರ ಇವರು ಮಾಡಿದ್ದಲ್ಲ, ಹಳೇ ದರ. ಇದೇ ದರದಲ್ಲಿ ಹಿಂದಿನವ್ರೂ ಓಡಾಡಿದ್ದಾರೆ. ಆದ್ರೂ 744 ಅನ್ನೋದು ನಂಗೂ ಸರಿ ಕಾಣ್ಲಿಲ್ಲ, ಒಪ್ತೀನಿ. ದರ ಏರಿಸ್ಲಿ. ಪಕ್ಷದ ಹತ್ರ ದುಡ್ಡಿಗೇನು ಬರ.

ಸಿದ್ದಾಪುರ–ನ್ಯೂಜೆರ್ಸಿ
ಇಲ್ಲಿ ಅಮೆರಿಕದಲ್ಲೂ ಇದೇ ರಗಳೆ. ಅಧ್ಯಕ್ಷ ಮರುಆಯ್ಕೆಗೆ ನಿಂತಾಗ ಏರ್‌ಫೋರ್ಸ್ ಒನ್ನಲ್ಲೇ ಪ್ರಚಾರಕ್ಕೆ ಹೋಗೋದು. 2012ರಲ್ಲಿ ಒಬಾಮ ಎರಡನೇ ಸಲ ನಿಂತಾಗ ಆ ವಿಮಾನ ಗಂಟೆಗೆ 1,79,750 ಡಾಲರ್ ಖರ್ಚು ಅಂತ ಇಲ್ಲಿನ ಸಂಸತ್ತಿನ ಸಂಶೋಧನಾ ವಿಭಾಗದ ವರದಿ, ಆಗಿನ ರೇಟಲ್ಲಿ ಗಂಟೆಗೆ ಹತ್ರ ಹತ್ರ 1 ಕೋಟಿ ರೂಪಾಯಿ. ಪ್ರಚಾರ ಸಮಿತಿ ಅಷ್ಟೂ ಕಟ್ಟಲ್ಲ. ರಾಜಕೀಯ ಕೆಲಸಕ್ಕೆ ಬಂದವರ ತಲೆ ಲೆಕ್ಕದಲ್ಲಿ ಬಾಡಿಗೆ ವಿಮಾನದ ದರ ಹಿಡಿದು ಅಷ್ಟು ಕಟ್ತಾರೆ. ಪೈಲಟ್ಟು, ಭದ್ರತೆ, ಮುಂದೆ ಹೋಗೋ ಸಾಮಾನಿನ ವಿಮಾನ ಎಲ್ಲ ಜನರ ತಲೆ ಮೇಲೆ. ನಿಮ್ಮ ಗುದ್ದಲಿ ಪೂಜೆ ತರಾನೇ ಇಲ್ಲೂ ಒಂದು ಕಾರ್ಖಾನೆ ನೋಡೋದು, ಅದೇ ಊರಲ್ಲಿ ಸಂಜೆ ಚಂದಾ ಎತ್ತೋ ಊಟ. ಆದ್ರೆ ಒಂದು ವ್ಯತ್ಯಾಸ, ಅರ್ಧ ಸರ್ಕಾರಿ ಅರ್ಧ ರಾಜಕೀಯ ಅಂತಾದ್ರೆ ಖರ್ಚು ಪಾಲು ಮಾಡಬೇಕು ಅಂತ ನಿಯಮ ಇದೆ, ಮತ್ತೆ ಅದು ವರ್ಷಪೂರ್ತಿ, ದಿನಾಂಕ ಘೋಷಣೆ ಆದ ಮೇಲೆ ಮಾತ್ರ ಅಲ್ಲ.

ಅಡಕೆ ಅಂಗಳ
ನ್ಯೂಜೆರ್ಸಿಯವ್ರೆ ನಿಮ್ಮ ಕೊನೆ ಸಾಲೇ ನಂಗೆ ಬೇಕಾದ್ದು. ಪಾಲು ಮಾಡೋದು. ನಮ್ಮಲ್ಲಿ ಮನೆ ಪಾಲು, ತೋಟ ಪಾಲು, ಬಾವಿ ನೀರು ಪಾಲು ಎಲ್ಲ ಮಾಡ್ತ್ರು, ಇದೊಂದು ಆಗ್ತಿಲ್ಲೆ.

ಭಟ್ಕಳ್ ಟು ದುಬೈ
ವಕೀಲರೆ, ಇಂದಿರಾ ಗಾಂಧಿ ಚುನಾವಣೆ ರದ್ದಾಗಿದ್ದು ಇದೇ ಕಾರಣಕ್ಕೆ ಅಲ್ವಾ? ಆಗ ಕೋರ್ಟು ಮಾಡಿದ್ದು ಈಗ ಯಾಕೆ ಮಾಡಲ್ಲ?

ಕೋರ್ಟು ಕಾಂಪೌಂಡು
ಒಳ್ಳೆ ಪ್ರಶ್ನೆ, ಸ್ವಲ್ಪ ಉದ್ದ ಆಗ್ತದೆ. 1971ರಲ್ಲಿ ರಾಯಬರೇಲಿಲಿ ಸೋತ ರಾಜ್ ನಾರಾಯಣ್ ಹಾಕಿದ ಕೇಸು. 1975 ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಆ ಆಯ್ಕೆ ಅಸಿಂಧು ಮಾಡಿದ್ರು. ಕಾರಣ ಎರಡು. ಒಂದು, ಇಂದಿರಾ ಕಚೇರಿಯ ಅಧಿಕಾರಿ ಯಶಪಾಲ್ ಕಪೂರ್ ಸರ್ಕಾರಿ ನೌಕರಿಲಿದ್ದಾಗಲೇ ಚುನಾವಣೆ ಕೆಲ್ಸ ಮಾಡಿದ್ದು. ಇನ್ನೊಂದು, ಉತ್ತರ ಪ್ರದೇಶದ ಅಧಿಕಾರಿಗಳು ಸಭೆಗೆ ವೇದಿಕೆ ಕಟ್ಟಿಸಿ ಮೈಕಿಗೆ ಕರೆಂಟು ಕೊಡ್ಸಿದ್ದು. ವೇದಿಕೆ ಮತ್ತೆ ಮೈಕು, ಅಷ್ಟೆ. ಪ್ರಜಾಪ್ರತಿನಿಧಿ ಕಾಯ್ದೆಯ 123(7) ಪ್ರಕಾರ ಅಭ್ಯರ್ಥಿ ಸರ್ಕಾರಿ ನೌಕರರ ಸಹಾಯ ಪಡೆದ್ರೆ ಅದು ಭ್ರಷ್ಟ ನಡವಳಿಕೆ.

ಆಮೇಲೇನಾಯ್ತು ಅನ್ನೋದೇ ಮುಖ್ಯ. ತುರ್ತು ಪರಿಸ್ಥಿತಿ ಒಳಗೆ ಅದೇ ವರ್ಷ ಆ ಕಾಯ್ದೆಗೇ ತಿದ್ದುಪಡಿ ತಂದ್ರು, ಹಿಂದಿನ ಕೇಸಿಗೂ ಅನ್ವಯ ಆಗೋ ಹಾಗೆ. ನೌಕರ ತನ್ನ ಅಧಿಕೃತ ಕರ್ತವ್ಯದ ಭಾಗವಾಗಿ, ಹುದ್ದೆ ಕಾರಣಕ್ಕೆ ವ್ಯವಸ್ಥೆ ಮಾಡಿಕೊಟ್ರೆ ಅದು ಸಹಾಯ ಅಂತ ಲೆಕ್ಕ ಅಲ್ಲ ಅಂತ ಸೇರಿಸಿದ್ರು. ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟಲ್ಲಿ ಆಯ್ಕೆ ಉಳೀತು. ಇಂದಿರಾ ಹೋದ್ರು, ತುರ್ತು ಪರಿಸ್ಥಿತಿ ಹೋಯ್ತು, ಆ ಸಾಲು ಮಾತ್ರ ಕಾಯ್ದೇಲಿ ಉಳ್ಕೊಂಡಿದೆ. ಆಮೇಲೆ ಬಂದ ಯಾವ ಪಕ್ಷಕ್ಕೂ ಅದನ್ನ ತೆಗೀಬೇಕು ಅನ್ನಿಸ್ಲಿಲ್ಲ. ಚಾಲಕರ ಸಾಹೇಬ್ರು "ಸಭೆ" ತೆಗ್ಸಿ "ಕಾಮಗಾರಿ ಪರಿಶೀಲನೆ" ಬರೆಸಿದ್ದು ಇದನ್ನೆಲ್ಲ ಓದ್ಕೊಂಡಲ್ಲ, ಆದ್ರೆ "ಅಧಿಕೃತ ಕರ್ತವ್ಯ" ಅನ್ನೋ ಒಂದು ಮಾತು ಇದ್ರೆ ಬಚಾವ್ ಅಂತ ಆಫೀಸಲ್ಲಿ ಎಲ್ರಿಗೂ ಗೊತ್ತು.

ಹೊಳೆಬದಿ ಅಕ್ಕೋರು
ಎಷ್ಟು ಸರಿಯಾಗಿ ಹೇಳಿದ್ರಿ. ನನಗೆ ಇನ್ನೊಂದು ಬೇಜಾರು, ಎದುರು ನಿಂತವರ ಬಗ್ಗೆ ಯಾರೂ ಮಾತಾಡ್ಲಿಲ್ಲ. ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರ ಎಷ್ಟು ದೊಡ್ಡದು, ಕಾರವಾರದ ಸಮುದ್ರದಿಂದ ಹಿಡಿದು ಆ ಬದಿ ಖಾನಾಪುರ, ಕಿತ್ತೂರು ತನಕ. ನಡುವೆ ಘಟ್ಟ, ಕಾಡು. 1989ರಲ್ಲಿ ಶಿವರಾಮ ಕಾರಂತರು ಇಲ್ಲಿಂದ ನಿಂತಿದ್ರು, ಸೋತರು. 1967ರಲ್ಲಿ ದಿನಕರ ದೇಸಾಯಿಯವರು ಪಕ್ಷೇತರರಾಗಿ ನಿಂತು ಗೆದ್ದಿದ್ರು. ಇವತ್ತು ಅಂಥವರೊಬ್ಬರು ನಿಲ್ತಾರೆ ಅಂತಿಟ್ಕೊಳ್ಳಿ. ಹಳಿಯಾಳಕ್ಕೆ ಒಂದು ಸಲ, ಭಟ್ಕಳಕ್ಕೆ ಒಂದು ಸಲ ಹೋಗಿ ಬರ್ಲಿಕ್ಕೇ ಅವರ ಕೈಯಿಂದ ಎಷ್ಟು ಖರ್ಚು! ಅಧಿಕಾರದಲ್ಲಿದ್ದವರು ಅದೇ ದಾರಿಲಿ 4 ವರ್ಷ "ಪರಿಶೀಲನೆ" ಮಾಡಿ ಮುಗಿಸಿರ್ತಾರೆ.

ಕೋರ್ಟು ಕಾಂಪೌಂಡು
ಅಕ್ಕೋರೆ, ಅದಕ್ಕೆ ಮೇಲಿಂದ ಇನ್ನೊಂದು. ಲೋಕಸಭಾ ಅಭ್ಯರ್ಥಿ ಖರ್ಚಿನ ಮಿತಿ ನಮ್ಮಲ್ಲಿ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ಆದ್ರೆ ಮಾನ್ಯತೆ ಇರೋ ಪಕ್ಷ 40 ಜನ ಸ್ಟಾರ್ ಪ್ರಚಾರಕರ ಪಟ್ಟಿ ಕೊಡಬಹುದು, ಅವರ ಓಡಾಟದ ಖರ್ಚು ಅಭ್ಯರ್ಥಿ ಲೆಕ್ಕಕ್ಕೆ ಬರೋದೇ ಇಲ್ಲ. ಪಕ್ಷೇತರನಿಗೆ ಪಟ್ಟಿನೂ ಇಲ್ಲ, ಸ್ಟಾರೂ ಇಲ್ಲ.

ಭಟ್ಕಳ್ ಟು ದುಬೈ
ಹೆಲಿಕಾಪ್ಟರ್ ನೋಡಿದಾಗೆಲ್ಲ ನಂಗೆ ಒಂದೇ ನೆನಪಾಗೋದು. ನಮ್ಮ ಜಿಲ್ಲೇಲಿ ಹಾರ್ಟ್ ಅಟ್ಯಾಕ್ ಆದ್ರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಅಂತ ಆಂಬುಲೆನ್ಸ್ ಡ್ರೈವರ್ ಕೇಳ್ತಾನೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ಹೋರಾಟ ಆಯ್ತು. ಮತ ಕೇಳೋಕೆ ಹೆಲಿಪ್ಯಾಡ್ ಒಂದೇ ರಾತ್ರಿಗೆ ರೆಡಿ.

ಘಟ್ಟದ ಮೇಲೆ
ಇದಕ್ಕೆ ನನ್ ಹತ್ರ ಉತ್ರ ಇಲ್ಲ. ನಮ್ಮ ಅಪ್ಪಯ್ಯನ್ನ ಹುಬ್ಬಳ್ಳಿಗೆ ಕರ್ಕೊಂಡು ಹೋಗಿದ್ದು ನೆನಪಾಯ್ತು. ಬಿಡಿ.

ಸರಿ, ಅಡಕೆ ಅಂಗಳದವ್ರೆ, ಬೈದು ಮುಗೀತು. ಮಾಡೋದೇನು ಹೇಳಿ. ಚುನಾವಣಾ ಆಯೋಗದ ದೂರಿನ ಆಪ್ ಸಿ-ವಿಜಿಲ್‌ನಲ್ಲಿ ಫೋಟೋ ಹಾಕಿ ಅಂದ್ರೆ ಅದು ಕೋಡ್ ಇದ್ದಾಗ ಮಾತ್ರ.

ಅಡಕೆ ಅಂಗಳ
ಆರ್‌ಟಿಐ ಹಾಕ್ತೆ ಹೇಳಿ ಮಾಡಿದ್ದೆ. 10 ರೂಪಾಯಿ, 30 ದಿನ. ಆದ್ರೆ ನಮ್ಮ ರಾಜ್ಯದಲ್ಲಿ ಅರ್ಜಿ 150 ಶಬ್ದ ದಾಟೋ ಹಾಗಿಲ್ಲ, ಒಂದೇ ವಿಷಯ ಇರ್ಬೇಕು. ಹಾಗಾಗಿ ಆ ದಿನದ ಮಂತ್ರಿಗಳ ಪ್ರವಾಸ ಕಾರ್ಯಕ್ರಮದ ಪ್ರತಿ ಕೊಡಿ ಅಂತ ಕೇಳೋಣ ಅಂದ್ಕೊಂಡೆ.

ನಿವೃತ್ತ ಚಾಲಕ (ಕುಮಟಾ)
ಅದು ಕೇಳಿ ಎಂತ ಮಾಡ್ತೀರಿ. ಪ್ರವಾಸ ಕಾರ್ಯಕ್ರಮದಲ್ಲಿ ಗುದ್ದಲಿ ಪೂಜೆ ದೊಡ್ಡ ಅಕ್ಷರದಲ್ಲಿ ಇರ್ತದೆ, ಉಳಿದದ್ದಕ್ಕೆ "ಸ್ಥಳೀಯ ಕಾರ್ಯಕ್ರಮಗಳು" ಅಂತ ಒಂದು ಸಾಲು. ನೀವು ಲಾಗ್ ಬುಕ್ ಕೇಳಿ. ಮಂತ್ರಿ ಕಾರಿಂದು ಬೇಡ, ಅದು ಬೆಂಗಳೂರಿಂದು, ಕಾಗದ ಅಲೆದಾಡ್ತದೆ. ತಾಲೂಕಿನ ಒಂದು ಇಲಾಖೆ ಆರಿಸಿ, ಆ ಒಂದು ದಿವಸದ ಒಂದು ಪುಟ ಕೇಳಿ. ಜಾಸ್ತಿ ಕೇಳಿದ್ರೆ ಕೊಡುದಿಲ್ಲ.

ಅಡಕೆ ಅಂಗಳ
ಬರೆದೆ, ನೋಡಿ ಹೇಳಿ: "ಇಂತಹ ದಿನಾಂಕದಂದು ತಮ್ಮ ಕಚೇರಿಯ ವಾಹನದ ಲಾಗ್ ಬುಕ್‌ನ ಸಂಬಂಧಿತ ಪುಟದ ದೃಢೀಕೃತ ನಕಲು ನೀಡಬೇಕಾಗಿ ಕೋರಿಕೆ. ಪರಿಶೀಲಿಸಿದ ಕಾಮಗಾರಿಯ ಹೆಸರು, ಸ್ಥಳ ಹಾಗೂ ಅದರ ಪರಿಶೀಲನಾ ವರದಿಯ ನಕಲನ್ನೂ ನೀಡುವುದು."

ಕೋರ್ಟು ಕಾಂಪೌಂಡು
ಎರಡನೇ ವಾಕ್ಯ ಚೆನ್ನಾಗಿದೆ. ಪರಿಶೀಲನೆ ಆಗಿದ್ರೆ ವರದಿ ಇರ್ಬೇಕಲ್ಲ. ಆದ್ರೆ ಅದು ಎರಡನೇ ವಿಷಯ ಅಂತ ವಾಪಸ್ ಕಳಿಸ್ತಾರೆ. ಎರಡು ಅರ್ಜಿ ಮಾಡಿ, 20 ರೂಪಾಯಿ ಹೋಗ್ಲಿ.

ಬೈತಖೋಲ್ ಬೋಟು
ಒಂದು 10 ರೂಪಾಯಿ ನಂದು. ಕಾರವಾರದಲ್ಲಿ ನಾನೂ ಒಂದು ಹಾಕ್ತೇನೆ, ಒಕ್ಕಣೆ ಕಳಿಸಿ ಅಣ್ಣ.

ನಿವೃತ್ತ ಚಾಲಕ (ಕುಮಟಾ)
ಮೀಟರ್ ರೀಡಿಂಗ್ ಕಾಲಮ್ ಸ್ಪಷ್ಟ ಕಾಣುವ ಹಾಗೆ ನಕಲು ಬೇಕು ಅಂತಲೂ ಸೇರ್ಸಿ. ಇಲ್ಲದಿದ್ರೆ ಜೆರಾಕ್ಸ್ ಮಾಡುವಾಗ ಸರಿಯಾಗಿ ಅದೇ ಜಾಗ ಕಪ್ಪು ಬರ್ತದೆ.